ಹರ್ನಿಯಾ ಶಸ್ತ್ರಚಿಕಿತ್ಸೆಗೆ ಮುನ್ನ ಎದೆಯ ಎಕ್ಸ್‌ರೇ ಬೇಕೇ?

ಪ್ರಶ್ನೆ: ನನ್ನ ತಮ್ಮನಿಗೆ 32 ವರ್ಷ. ತೊಡೆಸಂದಿನ ಹರ್ನಿಯಾಕ್ಕೆ ಮುಂದಿನ ತಿಂಗಳು ಶಸ್ತ್ರಚಿಕಿತ್ಸೆ ಮಾಡುವುದೆಂದು ನಿಶ್ಚಯವಾಗಿದೆ. ಅವನು ಬೀಡಿ, ಸಿಗರೇಟು ಸೇದುವವನಲ್ಲ. ಕೆಮ್ಮು, ದಮ್ಮು ಏನೂ ಇಲ್ಲ. ಆದರೂ ಎದೆಯ ಎಕ್ಸ್‌ರೇ ಬರೆದುಕೊಟ್ಟಿದ್ದಾರೆ. ಇದು ಅಗತ್ಯವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ತಿಳಿಸಿರುವ ವಿವರಗಳನ್ನು ನೋಡಿದರೆ ಅಗತ್ಯವಿಲ್ಲ. ಲಕ್ಷಣಗಳಿಲ್ಲದವರಲ್ಲಿ ಈ ಎಕ್ಸ್‌ರೇ ಶಸ್ತ್ರಚಿಕಿತ್ಸೆಯ ತೀರ್ಮಾನವನ್ನಾಗಲಿ ಅರಿವಳಿಕೆಯ ಆಯ್ಕೆಯನ್ನಾಗಲಿ ಬದಲಿಸುವುದು ಬಹಳ ಅಪರೂಪವೆಂದು ಬ್ರಿಟನ್ನಿನ ರೇಡಿಯಾಲಜಿಸ್ಟರ ರಾಯಲ್ ಕಾಲೇಜು 1979ರಷ್ಟು ಹಿಂದೆಯೇ ತೋರಿಸಿತ್ತು. ವೈದ್ಯರಿಗೆ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ಅಲ್ಲಿನ ನೈಸ್ (NICE) ಸಂಸ್ಥೆಯ 2016ರ ಮಾರ್ಗಸೂಚಿಯೂ ವಾಡಿಕೆಯಾಗಿ ಇದನ್ನು ಮಾಡಿಸಬೇಡಿ ಎಂದೇ ಹೇಳುತ್ತದೆ.

ವಿಕಿರಣದ ಭಯ ಬೇಡ, ಅದು ತೀರಾ ಅಲ್ಪ. ನನಗೆ ಕಳವಳ ತರುವುದು ಸುಳ್ಳು ಸುಳಿವುಗಳು. ಮೊಲೆತೊಟ್ಟಿನ ನೆರಳು ಫಿಲ್ಮಿನಲ್ಲಿ ಶ್ವಾಸಕೋಶದ ಗಂಟಿನಂತೆ ದುಂಡಗೆ ಕಾಣಬಹುದು. ಎಂದೋ ಬಂದು ವಾಸಿಯಾದ ಕ್ಷಯದ ಕಲೆ ಹೊಸ ರೋಗವೆಂಬ ಅನುಮಾನ ಹುಟ್ಟಿಸಬಹುದು. ಆಮೇಲೆ ಮತ್ತೊಂದು ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್, ಮುಂದಕ್ಕೆ ಹೋದ ಶಸ್ತ್ರಚಿಕಿತ್ಸೆ, ಮನೆಮಂದಿಗೆಲ್ಲ ನಿದ್ದೆಯಿಲ್ಲದ ರಾತ್ರಿಗಳು; ಆರೋಗ್ಯವಂತನೊಬ್ಬನನ್ನು ಇಷ್ಟಕ್ಕೆಲ್ಲ ಗುರಿಮಾಡುವುದು ಸರಿಯಲ್ಲ.

ನಮ್ಮಲ್ಲಿ ಕ್ಷಯ ಹೆಚ್ಚು, ಆದ್ದರಿಂದ ಎಲ್ಲರಿಗೂ ತೆಗೆಸುತ್ತೇವೆ ಎನ್ನುವ ವೈದ್ಯರಿದ್ದಾರೆ. ಆ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಅಥವಾ ಮನೆಯಲ್ಲಿ ಯಾರಿಗಾದರೂ ಕ್ಷಯ ಇದ್ದರೆ ಎಕ್ಸ್‌ರೇ ಖಂಡಿತ ಬೇಕು. ಉಬ್ಬಸ ಹೆಚ್ಚುತ್ತಿರುವವರಿಗೆ, ಹೃದಯ ವೈಫಲ್ಯವಿರುವವರಿಗೆ, ಎದೆಯ ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರಿಗೆ, ಶ್ವಾಸನಾಳವನ್ನು ಒತ್ತುವಷ್ಟು ದೊಡ್ಡ ಥೈರಾಯ್ಡ್ ಗಡ್ಡೆ ಇರುವವರಿಗೂ ಅದರಿಂದ ನಿಜವಾದ ಪ್ರಯೋಜನವಿದೆ.

ನಿಮ್ಮ ತಮ್ಮನ ವಿಷಯದಲ್ಲಿ ಮುಖ್ಯವಾದದ್ದು ಅರಿವಳಿಕೆ ತಜ್ಞರ ತಪಾಸಣೆ. ನಿಲ್ಲದೆ ಎರಡು ಅಂತಸ್ತು ಹತ್ತಿದರೆ ಏದುಸಿರು ಬರುತ್ತದೆಯೇ, ಹಿಂದೆ ಅರಿವಳಿಕೆಯಿಂದ ತೊಂದರೆಯಾಗಿತ್ತೇ, ಯಾವ ಮಾತ್ರೆ ನುಂಗುತ್ತಾರೆ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರ ಮತ್ತು ಸ್ಟೆತಸ್ಕೋಪಿನಲ್ಲಿ ಕೇಳಿಬರುವ ಸದ್ದು, ಇಂಥವರಲ್ಲಿ ಫಿಲ್ಮಿಗಿಂತ ಹೆಚ್ಚು ತಿಳಿಸುತ್ತವೆ. “ಎಕ್ಸ್‌ರೇಯಿಂದ ನಿಮ್ಮ ತೀರ್ಮಾನದಲ್ಲಿ ಏನು ಬದಲಾಗುತ್ತದೆ, ಡಾಕ್ಟರೇ?” ಎಂದು ಅವರನ್ನು ವಿನಯದಿಂದಲೇ ಕೇಳಿ. ಪರೀಕ್ಷಿಸಿದಾಗ ಕಂಡ ಕಾರಣವನ್ನು ಅವರು ಹೇಳಿದರೆ ಹಿಂಜರಿಯದೆ ಮಾಡಿಸಿ. ಹಳೆಯ ಎಕ್ಸ್‌ರೇ ಇದ್ದರೆ ಹೋಲಿಸಲು ಒಯ್ಯಿರಿ. ಶಸ್ತ್ರಚಿಕಿತ್ಸೆಯ ದಿನ ಹತ್ತಿರವಾದಾಗ ಜ್ವರ ಅಥವಾ ಕಫದ ಕೆಮ್ಮು ಶುರುವಾದರೆ ಮುಚ್ಚಿಡದೆ ತಿಳಿಸಿ.