ಅರ್ಥಶಾಸ್ತ್ರದ ಜೊತೆ ಸುಸ್ಥಿರ ಅಭಿವೃದ್ಧಿ: ಗಣಿತ ಬೇಕೇ?

ಪ್ರಶ್ನೆ: ಪಿಯುಸಿಯಲ್ಲಿ ಎಚ್‌ಇಬಿಎ (ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ) ಓದುತ್ತಿದ್ದೇನೆ, ಗಣಿತವಿಲ್ಲ. ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಮತ್ತು ಜಾಗತಿಕ ಸುಸ್ಥಿರ ಅಭಿವೃದ್ಧಿ ಎರಡನ್ನೂ ಒಂದೇ ಪದವಿಯಲ್ಲಿ ಕಲಿಸುತ್ತಾರಂತೆ. ಇಲ್ಲೇ ಬಿ.ಎ. ಸೇರಿ ಹಾಗೆ ಓದಲು ಸಾಧ್ಯವೇ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಸಾಧ್ಯ. ಆದರೆ ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಗುರಿಗಳನ್ನು ಬಾಯಿಪಾಠ ಮಾಡಿದರೆ ಸುಸ್ಥಿರ ಅಭಿವೃದ್ಧಿ ಓದಿದಂತಲ್ಲ. ಚನ್ನಗಿರಿಯ ಅಡಿಕೆ ತೋಟದ ಒಂದು ಬೋರನ್ನೇ ನೋಡಿ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ರಾಜ್ಯದಲ್ಲಿ ಕರೆಂಟು ಉಚಿತ. ಹಾಗಾಗಿ ಇನ್ನೊಂದು ಗಂಟೆ ನೀರೆತ್ತುವ ಸೀಮಾಂತ ವೆಚ್ಚ, ಅಂದರೆ ಹೆಚ್ಚುವರಿ ಖರ್ಚು, ರೈತನಿಗೆ ಹೆಚ್ಚುಕಡಿಮೆ ಸೊನ್ನೆ. ಪಕ್ಕದವರ ಬೋರು ಬತ್ತಿದ್ದು ಅವನ ಲೆಕ್ಕಕ್ಕೆ ಬರುವುದೇ ಇಲ್ಲ. ಒಬ್ಬರು ಮಾಡಿದ್ದರ ನಷ್ಟ ಹೀಗೆ ಇನ್ನೊಬ್ಬರ ಮೇಲೆ ಬೀಳುವುದೇ ಬಾಹ್ಯತೆ. ಅಲ್ಲಿಗೆ ಅರ್ಥಶಾಸ್ತ್ರದ ಪಾಠ ಮುಗಿಯಿತು. ಗಟ್ಟಿ ಕಲ್ಲಿನ ನೆಲದಲ್ಲಿ ನೀರು ಬಿರುಕುಗಳಲ್ಲಷ್ಟೇ ನಿಲ್ಲುತ್ತದೆ, ಅಡಿಕೆ ಹಾಕಿದವರು ಮರುವರ್ಷವೇ ಮೆಕ್ಕೆಜೋಳಕ್ಕೆ ಹೊರಳಲಾರರು ಎಂಬುದು ಇನ್ನೊಂದು ವಿಷಯದ, ಅಂದರೆ ಸುಸ್ಥಿರ ಅಭಿವೃದ್ಧಿಯ ಪಾಲು. ಒಂದು ಬಿಟ್ಟು ಇನ್ನೊಂದನ್ನು ಓದಿದವರು ಕರೆಂಟಿಗೆ ದರ ಹಾಕಿ ಎಂದೋ ಬೋರು ನಿಷೇಧಿಸಿ ಎಂದೋ ಸುಲಭವಾಗಿ ಹೇಳಿಬಿಡುತ್ತಾರೆ.

ನಿಜವಾದ ಜಗಳವಿರುವುದು ಭವಿಷ್ಯವನ್ನು ಇಂದಿನ ಬೆಲೆಗೆ ಇಳಿಸುವ ದರದಲ್ಲಿ. 50 ವರ್ಷದ ನಂತರ ಆಗುವ 1 ಲಕ್ಷ ರೂಪಾಯಿ ನಷ್ಟಕ್ಕೆ ಶೇ 3ರ ದರದಲ್ಲಿ ಇಂದಿನ ಬೆಲೆ ಸುಮಾರು 22,800 ರೂಪಾಯಿ. ಶೇ 8 ಹಿಡಿದರೆ ಬರೀ 2,130. ಕೆರೆ ಉಳಿಸಬೇಕೋ ಬೇಡವೋ ಎಂಬುದು ಈ ಒಂದು ಅಂಕಿಯ ಮೇಲೆ ನಿಂತುಬಿಡಬಹುದು!

ಆದ್ದರಿಂದ ಗಣಿತ ಬೇಕೇ ಬೇಕು. ಪಿಯುಸಿ ಗಣಿತ ಪುಸ್ತಕದಿಂದ ಮೊದಲು ಲಾಗರಿದಮ್, ಆಮೇಲೆ ಅವಕಲನ, ಮ್ಯಾಟ್ರಿಕ್ಸ್, ಸಂಭವನೀಯತೆ ಮುಗಿಸಿ. ಅನಂತರ ರಿಗ್ರೆಶನ್ (ಒಂದು ಅಂಶ ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆಂದು ಅಂದಾಜಿಸುವ ವಿಧಾನ) ಕಲಿಯಿರಿ, ಅದನ್ನು ಮಾಡಲು ‘ಆರ್’ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಸಂಖ್ಯಾಶಾಸ್ತ್ರದ ಪತ್ರಿಕೆ ಕಷ್ಟವೆಂದು ಬಿಟ್ಟು ಪರಿಸರದ ಹೆಸರಿರುವ ಹಗುರ ಪತ್ರಿಕೆಗಳನ್ನೇ ಆರಿಸಿಕೊಳ್ಳಬೇಡಿ. ಎಂ.ಎ. ಹೊತ್ತಿಗೆ ಸಿಕ್ಕಿಬೀಳುತ್ತೀರಿ. 2021ರಿಂದ ನಡೆಯುತ್ತಿರುವ ಐಐಟಿ ಜಾಮ್ (ಸ್ನಾತಕೋತ್ತರ ಪ್ರವೇಶ) ಅರ್ಥಶಾಸ್ತ್ರ ಪರೀಕ್ಷೆಯಲ್ಲಿ ಗಣಿತ, ಸಂಖ್ಯಾಶಾಸ್ತ್ರ ಎರಡೂ ಇವೆ.

ಪ್ರಶ್ನೆ: ಕೊನೆಯ ವರ್ಷದ ಪ್ರಾಜೆಕ್ಟಿಗೆ ‘ಚಿತ್ರದುರ್ಗ ಜಿಲ್ಲೆಯ ಸುಸ್ಥಿರ ಅಭಿವೃದ್ಧಿ’ ವಿಷಯ ಸರಿಯೇ?
– ಬಿ.ಎ. ವಿದ್ಯಾರ್ಥಿ, ಹಿರಿಯೂರು

ಉತ್ತರ: ಬೇಡ, ಅದು ಮುಗಿಯುವ ಕೆಲಸವಲ್ಲ. ವಾಣಿವಿಲಾಸ ಸಾಗರದ ನಾಲೆ ನೀರು ಬರುವ ಒಂದು ಊರು, ಆ ನೀರು ಬಾರದ ಒಂದು ಊರು ಆರಿಸಿಕೊಂಡು ಬೋರಿನ ಖರ್ಚನ್ನಷ್ಟೇ ಹೋಲಿಸಿ. ಪ್ರತಿ ಊರಲ್ಲಿ 40 ಮನೆಯಾದರೂ ಇರಲಿ. ಎಷ್ಟು ಅಡಿ, ಯಾವ ವರ್ಷ, ಎಷ್ಟು ಎಚ್‌ಪಿ, ಎಷ್ಟು ಸಾಲ ಎಂದು ಕೇಳಿ. ಹೆಚ್ಚಿನವರು ಎಡವುವುದು ನೀರಿರುವ ಬೋರಿನವರನ್ನಷ್ಟೇ ಮಾತಾಡಿಸಿ. ಆಗ ಖರ್ಚು ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಫೇಲಾದ ಬೋರುಗಳನ್ನೂ ಎಣಿಸಿ, ಒಟ್ಟು ಖರ್ಚನ್ನು ನೀರು ಬಿದ್ದ ಬೋರುಗಳಿಗೆ ಭಾಗಿಸಿ. ಕೊರೆಸಿದ ವರ್ಷ ನೆನಪಿಲ್ಲ ಎಂದರೆ ‘2022ರಲ್ಲಿ ಡ್ಯಾಂ ಕೋಡಿ ಬಿತ್ತಲ್ಲ, ಅದಕ್ಕೆ ಮುಂಚೆಯೋ ಆಮೇಲೋ’ ಎಂದು ಕೇಳಿ ನೋಡಿ.