ಜಿಮ್ನಿಗೆ ಯಾವ ಸ್ಕಿಡ್ ಪ್ಲೇಟ್? ದಪ್ಪ ಕೇಳುವ ಮೊದಲು ತೂತು ಎಲ್ಲಿದೆ ಅಂತ ಕೇಳಿ

ಸಕಲೇಶಪುರ, ಮೂಡಿಗೆರೆ ಕಡೆ ಓಡಿಸೋಕೆ ಹೊಸ ಮಾರುತಿ ಜಿಮ್ನಿಗೆ ಅಡಿಯಲ್ಲಿ ಮುಂದಿನಿಂದ ಹಿಂದಿನವರೆಗೆ ಪೂರ್ತಿ ಸ್ಕಿಡ್ ಪ್ಲೇಟ್, ಅಂದರೆ ಕಲ್ಲಿನ ಹೊಡೆತ ತಡೆಯುವ ಲೋಹದ ಹಾಳೆ, ಹಾಕಿಸಬೇಕು, ಸ್ಟೀಲೋ ಅಲ್ಯೂಮಿನಿಯಮ್ಮೋ, 3 ಮಿಲಿಮೀಟರ್ ಸಾಕೋ 5 ಬೇಕೋ ಅಂತ ಕೇಳಿದ್ದೀರಿ. 2019ರಲ್ಲಿ ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಅಂಗಡಿ ಅಂಗಡಿ ತಿರುಗಿದ್ದೆ. 5 ಮಿಲಿಮೀಟರ್ ಸ್ಟೀಲ್ ಅಂತ ತೀರ್ಮಾನವನ್ನೂ ಮಾಡಿದ್ದೆ. ಆಮೇಲೆ ಎಂಜಿನ್ ಹೋಯಿತು.

ಆಗ ನನ್ನ ಹತ್ತಿರ ಇದ್ದದ್ದು ಸೆಕೆಂಡ್ ಹ್ಯಾಂಡ್ ಡೀಸೆಲ್ ಜೀಪು. ಹೆಂಡತಿಯ ತವರು ಸಕಲೇಶಪುರದಿಂದ ಬಿಸಿಲೆ ಕಡೆಗೆ, ಒಳಗೆ. ಕೊನೆಯ ಆರು ಕಿಲೋಮೀಟರ್ ಎಸ್ಟೇಟ್ ರಸ್ತೆ. ಟ್ರ್ಯಾಕ್ಟರ್, ಪಿಕಪ್ ಓಡಾಡಿ ಎರಡೂ ಕಡೆ ಚಕ್ರದ ಜಾಡು ಕೊರೆದಿರುತ್ತೆ, ನಡುವೆ ದಿಬ್ಬ ಉಳಿದಿರುತ್ತೆ. ಮಳೆಗಾಲದಲ್ಲಿ ಆ ದಿಬ್ಬದ ಮಣ್ಣು ಕೊಚ್ಚಿಹೋಗಿ ಕಲ್ಲು ಮೇಲೆ ಬರುತ್ತೆ. ಅಡಿಗೆ ತಾಗುವುದು ಆ ಕಲ್ಲೇ.

ಒಂದು ವೆಲ್ಡಿಂಗ್ ಶಾಪಿನಲ್ಲಿ ಪ್ಲೇಟ್ ಮಾಡಿಸಿದೆ. ಎರಡು ಅಡಿ ಅಗಲ, ಎರಡೂವರೆ ಅಡಿ ಉದ್ದ. ಬಲ ಬರಲಿ ಅಂತ ನಾಲ್ಕೂ ಅಂಚಿಗೆ ಒಂದಿಂಚಿನ ಪಟ್ಟಿ ನಿಲ್ಲಿಸಿ ವೆಲ್ಡ್ ಮಾಡಿದರು. ಕೆಲಸ ಮಾಡುತ್ತಿದ್ದ ಹುಡುಗ ಪ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ಆರು ಗುಂಡು ಗುರುತು ಹಾಕಿದ. ಯಾಕಪ್ಪಾ ಅಂದೆ. "ತೂತು ಸಾರ್, ನೀರು ಇಳಿಯೋಕೆ. ಇದು ದೊಡ್ಡದು, ಆಯಿಲ್ ಬಿಚ್ಚೋಕೆ" ಅಂದ. ತೂತು ಬೇಡ, ಸಣ್ಣ ಕಲ್ಲು ಒಳಗೆ ಬರುತ್ತೆ, ಪ್ಲೇಟಿನ ಬಲವೂ ಕಡಿಮೆ ಆಗುತ್ತೆ ಅಂದೆ. ಆ ಗುರುತುಗಳನ್ನು ನನ್ನ ಕೈಯಿಂದಲೇ ಒರೆಸಿದೆ. ಅದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಜುಲೈ ತಿಂಗಳು, ಸಂಜೆ, ತವರಿನಿಂದ ವಾಪಸ್ ಬರುತ್ತಿದ್ದೆವು. ಇಳಿಜಾರಿನಲ್ಲಿ ಮುಂದಿನ ಚಕ್ರ ಜಾಡಿಗೆ ಇಳಿಯಿತು, ಅಡಿಯಿಂದ ದಢ್ ಅಂತ ಒಂದೇ ಸದ್ದು. ಡಾಂಬರು ರಸ್ತೆಗೆ ಬಂದ ಮೇಲೆ ಸಮ ಜಾಗದಲ್ಲಿ ನಿಲ್ಲಿಸಿ, ಮೊಬೈಲ್ ಟಾರ್ಚ್ ಹಿಡಿದು ಕೆಳಗೆ ಬಗ್ಗಿ ನೋಡಿದೆ. ಪ್ಲೇಟಿನ ನಡುವೆ ಅಂಗೈ ಅಗಲದ ತಗ್ಗು. ಒಂದು ಹನಿ ಎಣ್ಣೆ ಇಲ್ಲ. ಕೊಟ್ಟ ದುಡ್ಡು ವಸೂಲಾಯಿತು ಅಂತ ಹೆಂಡತಿಗೆ ಹೇಳಿ ಹೊರಟೆ. ಸ್ವಲ್ಪ ದೂರ ಹೋದ ಮೇಲೆ ಅವಳು "ರೀ, ಎಣ್ಣೆ ಸುಟ್ಟ ವಾಸನೆ ಬರ್ತಿದೆ" ಅಂದಳು. ಸೈಲೆನ್ಸರ್ ಮೇಲೆ ಕೆಸರು ಸುಡುತ್ತಿರಬೇಕು ಅಂದೆ. ಒಂಬತ್ತು ಕಿಲೋಮೀಟರ್ ಆದ ಮೇಲೆ ಒಂದು ಏರಿನಲ್ಲಿ ಆಯಿಲ್ ದೀಪ ಕೆಂಪಗೆ ಮಿನುಗಿತು, ಆರಿತು. ಏರು ಅಲ್ವಾ, ಎಣ್ಣೆ ಹಿಂದಕ್ಕೆ ಸರಿದಿರುತ್ತೆ ಅಂದುಕೊಂಡೆ. ಎರಡನೇ ಸಲ ಹತ್ತಿದಾಗ ಎಂಜಿನ್ ಕಟಕಟ ಅನ್ನತೊಡಗಿತ್ತು.

ಒಳಗೆ ಏನಾಗಿತ್ತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪ್ಲೇಟ್ ಮಾರುವವರು ಇದನ್ನು ಹೇಳುವುದಿಲ್ಲ. ಗ್ರೌಂಡ್ ಕ್ಲಿಯರೆನ್ಸ್ ಹೋಗಬಾರದು ಅಂತ ನಾನು ಪ್ಲೇಟನ್ನು ಆಯಿಲ್ ಚೇಂಬರ್‌ಗೆ, ಅಂದರೆ ಎಂಜಿನ್ ಅಡಿಯಲ್ಲಿ ಎಣ್ಣೆ ನಿಲ್ಲುವ ತೊಟ್ಟಿಗೆ, ತೀರಾ ಹತ್ತಿರ ಕೂರಿಸಿದ್ದೆ. ನಡುವೆ ಬೆರಳು ತೂರುತ್ತಿರಲಿಲ್ಲ. 5 ಮಿಲಿಮೀಟರ್ ಇದ್ದರೂ ಚಪ್ಪಟೆ ಹಾಳೆ ನಡುವಿನಲ್ಲಿ ಬಗ್ಗಿಯೇ ಬಗ್ಗುತ್ತೆ. ಕಲ್ಲು ತಾಗಿದಾಗ ಅದು ಮೇಲಕ್ಕೆ ಉಬ್ಬಿ ಚೇಂಬರಿನಿಂದ ಎಣ್ಣೆ ಇಳಿಸುವ ಡ್ರೇನ್ ಬೋಲ್ಟನ್ನು ಒತ್ತಿತು. ಬೋಲ್ಟ್ ಸುತ್ತ ಕೂದಲೆಳೆಯಷ್ಟು ಬಿರುಕು. ಅಲ್ಲಿಂದ ಎಣ್ಣೆ ಜಿನುಗಿತು. ಆದರೆ ನೆಲಕ್ಕೆ ಬೀಳಲಿಲ್ಲ. ಬಿದ್ದದ್ದು ಪ್ಲೇಟಿನೊಳಗೆ. ಒಂದಿಂಚು ಅಂಚಿರುವ ಅಷ್ಟು ದೊಡ್ಡ ತಟ್ಟೆ ಲೆಕ್ಕ ಹಾಕಿದರೆ ಹತ್ತು ಲೀಟರಿಗಿಂತ ಜಾಸ್ತಿ ಹಿಡಿಯುತ್ತೆ. ಎಂಜಿನ್ನಿನ ಎಣ್ಣೆ ಪೂರ್ತಿ ಇಳಿದರೂ ಸಮ ಜಾಗದಲ್ಲಿ ಹೊರಗೆ ಒಂದು ಹನಿ ಕಾಣುವುದಿಲ್ಲ. ಏರು ಬಂದಾಗ ಹಿಂದಿನ ಅಂಚಿನಿಂದ ತುಳುಕಿ ಬಿಸಿ ಸೈಲೆನ್ಸರ್ ಮೇಲೆ ಬಿತ್ತು, ಅದೇ ಆ ವಾಸನೆ. ಚೇಂಬರಿನಲ್ಲಿ ಉಳಿದಿದ್ದ ಸ್ವಲ್ಪ ಎಣ್ಣೆ ಹಿಂದಕ್ಕೆ ಸರಿದು, ಪಂಪು ಗಾಳಿ ಎಳೆಯಿತು. ಬೇರಿಂಗುಗಳು ಒಣಗಿ ಕ್ರ್ಯಾಂಕ್ ಗೀರಿಬಿಟ್ಟಿತು.

ಆ ಕೆಂಪು ದೀಪ ತೋರಿಸುವುದು ಎಣ್ಣೆ ಎಷ್ಟಿದೆ ಅಂತ ಅಲ್ಲ, ಒತ್ತಡ ಇದೆಯೋ ಇಲ್ಲವೋ ಅಂತ. ಅದು ಹತ್ತಿತು ಅಂದರೆ ಆ ಕ್ಷಣವೇ ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು. ಏರೋ ಇಳಿಜಾರೋ ನೋಡಬಾರದು.

ಭಾವಮೈದ ಎಸ್ಟೇಟ್ ಪಿಕಪ್ ತಂದು ಎಳೆದುಕೊಂಡು ಹೋದ. ಮಾರನೇ ದಿನ ಮೆಕ್ಯಾನಿಕ್ ನಾಲ್ಕು ಬೋಲ್ಟ್ ಬಿಚ್ಚಿ ಪ್ಲೇಟನ್ನು ಹುಷಾರಾಗಿ ಕೆಳಗಿಳಿಸಿದರು. ಕೆಸರು, ಕಾಫಿ ಎಲೆ, ಅದರ ನಡುವೆ ಕಪ್ಪಗೆ ಎಣ್ಣೆ ನಿಂತಿತ್ತು. "ಸಾರ್, ಎಣ್ಣೆ ಎಲ್ಲ ಇಲ್ಲೇ ಇದೆ ನೋಡಿ. ಒಂದು ತೂತು ಇದ್ದಿದ್ರೆ ನಿಮಗೆ ಅಲ್ಲೇ ಗೊತ್ತಾಗ್ತಿತ್ತು" ಅಂದರು. ಬಿಲ್ 1.8 ಲಕ್ಷ ರೂಪಾಯಿ ಆಯಿತು. ಚೇಂಬರ್ ಒಂದೇ ಬದಲಿಸಿದ್ದರೆ ಕೆಲವು ಸಾವಿರದಲ್ಲಿ ಮುಗಿಯುತ್ತಿತ್ತು.

ಹಾಗಾಗಿ ಸ್ಟೀಲೋ ಅಲ್ಯೂಮಿನಿಯಮ್ಮೋ ಅನ್ನುವುದು ಮೊದಲ ಪ್ರಶ್ನೆಯೇ ಅಲ್ಲ. ಪ್ಲೇಟ್ ಎಲ್ಲಿಗೆ ಬೋಲ್ಟ್ ಆಗುತ್ತೆ ಅಂತ ಮೊದಲು ಕೇಳಿ. ಜಿಮ್ನಿಗೆ ಲ್ಯಾಡರ್ ಚಾಸಿ, ಅಂದರೆ ಏಣಿಯ ಹಾಗಿರುವ ಗಟ್ಟಿ ಕಬ್ಬಿಣದ ಚೌಕಟ್ಟು ಇದೆ, ಬೋಲ್ಟ್ ಚಾಸಿಗೇ ಹೋಗಬೇಕು. ರೇಡಿಯೇಟರ್ ಕೆಳಗಿನ ತೆಳು ತಗಡಿಗೋ ಗೇರ್‌ಬಾಕ್ಸ್‌ಗೋ ಸಿಕ್ಕಿಸುವವರಿದ್ದರೆ ಅಲ್ಲಿಂದ ಎದ್ದು ಬನ್ನಿ. ಚೇಂಬರಿಗೂ ಪ್ಲೇಟಿಗೂ ನಡುವೆ 25 ಮಿಲಿಮೀಟರ್ ಜಾಗಕ್ಕಿಂತ ಕಡಿಮೆ ನಾನು ಒಪ್ಪುವುದಿಲ್ಲ. ಡ್ರೇನ್ ಬೋಲ್ಟ್ ಕೆಳಗೆ ಸ್ಪ್ಯಾನರ್ ಹೋಗುವಷ್ಟು ತೂತು, ತಗ್ಗಿರುವ ಕಡೆಯೆಲ್ಲ ನೀರು ಇಳಿಯುವ ತೂತು ಇರಲೇಬೇಕು. ಬೋಲ್ಟಿನ ತಲೆ ಪ್ಲೇಟಿನೊಳಗೆ ಕೂತಿರಬೇಕು. ಹೊರಗೆ ಚಾಚಿದ್ದರೆ ಕಲ್ಲು ಅದನ್ನು ಸವೆಸುತ್ತೆ, ಆಮೇಲೆ ಯಾವ ಸ್ಪ್ಯಾನರೂ ಹಿಡಿಯುವುದಿಲ್ಲ.

ದಪ್ಪದ ಮಾತಿಗೆ ಬಂದರೆ, 3 ಮಿಲಿಮೀಟರ್ ಸ್ಟೀಲಿಗೆ ಉದ್ದಕ್ಕೆ ಎರಡು ಮಡಿಕೆ ಕೊಟ್ಟರೆ ಅದು ಚಪ್ಪಟೆ 5 ಮಿಲಿಮೀಟರಿಗಿಂತ ಗಟ್ಟಿ. ನನ್ನ ಪ್ಲೇಟಿನ ಅಳತೆಗೆ 5 ಮಿಲಿಮೀಟರ್ ಸ್ಟೀಲ್ ಸುಮಾರು 18 ಕೆಜಿ, 3 ಆದರೆ 11, ಅಲ್ಯೂಮಿನಿಯಂ 6 ಮಿಲಿಮೀಟರ್ ಆದರೂ ಏಳೂವರೆ. ಜಿಮ್ನಿಯ ತೂಕವೇ 1200 ಕೆಜಿ ಆಸುಪಾಸು. ಅದಕ್ಕೆ ಮುಂದಿನಿಂದ ಹಿಂದಿನವರೆಗೆ ಐವತ್ತು ಕೆಜಿ ಕಬ್ಬಿಣ ಸುಮ್ನೆ ನೇತು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಅಲ್ಯೂಮಿನಿಯಂ ಹಗುರ ನಿಜ, ಆದರೆ ಕಲ್ಲಿನ ಮೇಲೆ ಜಾರುವುದಿಲ್ಲ, ಕಚ್ಚಿಕೊಳ್ಳುತ್ತೆ. ಬಿರುಕು ಬಿಟ್ಟರೆ ಆರ್ಗಾನ್ ವೆಲ್ಡಿಂಗ್ ಮಾಡುವವರನ್ನು ಹುಡುಕಬೇಕು. ಸ್ಟೀಲ್ ಬಗ್ಗಿದರೆ ಯಾವ ಊರಿನ ವೆಲ್ಡಿಂಗ್ ಶಾಪಿನಲ್ಲೂ ಬಡಿದು ನೇರ ಮಾಡಿಕೊಡುತ್ತಾರೆ. ಮಲೆನಾಡಿಗೆ ನಾನು ಸ್ಟೀಲೇ ಅನ್ನುತ್ತೇನೆ. ಕಡಲ ತೀರದಲ್ಲಿ ಇರುವವರಾದರೆ ತುಕ್ಕಿನ ಯೋಚನೆ ಮಾಡಿ.

ಇನ್ನು ಪೂರ್ತಿ ಸೆಟ್. ಬೇಡ. ಜಿಮ್ನಿಗೆ ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಅಂದರೆ ಎಡ ಬಲ ಚಕ್ರಗಳನ್ನು ಸೇರಿಸುವ ಒಂದೇ ಅಚ್ಚು. ಆಕ್ಸಲ್‌ನಲ್ಲಿರುವ ಡಿಫರೆನ್ಷಿಯಲ್ ಗುಂಡು (ಎರಡೂ ಚಕ್ರಕ್ಕೆ ಬಲ ಹಂಚುವ ಗೇರುಗಳ ಗೂಡು) ಚಾಸಿಗಿಂತ ಕೆಳಗಿರುತ್ತೆ, ಚಕ್ರದ ಜೊತೆ ಮೇಲೆ ಕೆಳಗೆ ಆಡುತ್ತೆ. ಚಾಸಿಗೆ ಹಾಕಿದ ಯಾವ ಪ್ಲೇಟೂ ಅದನ್ನು ಕಾಯುವುದಿಲ್ಲ. ಹಾಗಾಗಿ ಜಾಡಿನ ನಡುವಿನ ಕಲ್ಲನ್ನು ಎರಡು ಚಕ್ರದ ಮಧ್ಯೆ ಬಿಟ್ಟುಕೊಂಡು ಹೋಗಬೇಡಿ. ಇಳಿದು ನೋಡಿ, ಚಕ್ರವನ್ನೇ ಕಲ್ಲಿನ ಮೇಲೆ ಹತ್ತಿಸಿ. ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ಚಕ್ರ ಎದ್ದರೆ ಗುಂಡೂ ಜೊತೆಗೆ ಏಳುತ್ತೆ. ಎಂಜಿನ್ ಚೇಂಬರ್ ಅಡಿಗೆ ಒಂದು, ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಬಲ ಕಳಿಸುವ ಟ್ರಾನ್ಸ್‌ಫರ್ ಕೇಸ್ ಅಡಿಗೆ ಒಂದು, ಎರಡೇ ಪ್ಲೇಟ್ ಸಾಕು. ಉಳಿದ ದುಡ್ಡಿಗೆ ಒಳ್ಳೆ ಟೈರ್ ಹಾಕಿಸಿ. ಅಂಗಡಿಯವರು ಜೊತೆಗೆ ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸಿ ಅಂತ ಒತ್ತಾಯ ಮಾಡಬಹುದು, ಒಪ್ಪಬೇಡಿ. 2017ರಲ್ಲೇ ಅದರ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರ ಸರ್ಕಾರ ರಾಜ್ಯಗಳಿಗೆ ಹೇಳಿದೆ, ಏರ್‌ಬ್ಯಾಗ್ ಕೆಲಸಕ್ಕೂ ಅದು ಅಡ್ಡಿ.

ಪ್ಲೇಟ್ ಹಾಕಿಸಿದ ಮೇಲೂ ಕೆಲಸ ಇದೆ. ವರ್ಷಕ್ಕೆ ಎರಡು ಸಲ ಬಿಚ್ಚಿ ತೊಳೆಯಬೇಕು. ಮಳೆಗಾಲ ಮುಗಿದ ಮೇಲೆ ಕೆಸರಿಗೆ ಒಂದು ಸಲ. ಬೇಸಿಗೆಯಲ್ಲಿ ಒಣಹುಲ್ಲಿಗೆ ಇನ್ನೊಂದು ಸಲ, ಯಾಕೆಂದರೆ ಪ್ಲೇಟಿನ ಮೇಲೆ ಸಿಕ್ಕಿಕೊಂಡ ಹುಲ್ಲು ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿ ಹತ್ತುತ್ತೆ. ಅಡಿಗೆ ಏನಾದರೂ ತಾಗಿದ ದಿನ ಕೆಳಗೆ ಬಗ್ಗಿ ನೋಡಿದರೆ ಸಾಲದು. ಸಮ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಐದು ನಿಮಿಷ ಬಿಟ್ಟು ಎಣ್ಣೆ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿ. ಹತ್ತು ಕಿಲೋಮೀಟರ್ ಆದ ಮೇಲೆ ಇನ್ನೊಂದು ಸಲ ನೋಡಿ. ನಾನು ಈಗ ಪ್ಲೇಟಿನ ತೂತಿನೊಳಗೆ ಬೆರಳು ಹಾಕಿ, ಮೂಸಿಯೂ ನೋಡುತ್ತೇನೆ.

ಅಂಗಡಿಯವರು ಪ್ಲೇಟ್ ಕೂರಿಸಿದ ದಿನ ದುಡ್ಡು ಕೊಡುವ ಮೊದಲು ಗಾಡಿಯನ್ನು ರ್‍ಯಾಂಪ್ ಮೇಲೆ ಹತ್ತಿಸಿ, ಅಡಿಯಿಂದ ಎರಡು ಫೋಟೋ ತೆಗೆದು ಇಲ್ಲಿ ಹಾಕಿ. ಒಂದು ಬೋಲ್ಟ್ ಇರುವ ಜಾಗದ್ದು, ಇನ್ನೊಂದು ಬದಿಯಿಂದ, ಚೇಂಬರಿಗೂ ಪ್ಲೇಟಿಗೂ ನಡುವಿನ ಜಾಗದ್ದು. ನೋಡಿ ಹೇಳುತ್ತೇನೆ.