ಐಡಾ ಒಪೆರಾವನ್ನು ಮೊದಲು ನಡೆಸಿಕೊಟ್ಟ ಬೊತ್ತೆಸೀನಿ ಯಾರು?

ಇಟಲಿಯ ಸಂಗೀತಗಾರ ವೆರ್ಡಿಯವರ ಐಡಾ ಅನ್ನೋ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಮೊದಲು ಪ್ರದರ್ಶನವಾಗಿದ್ದು ಕೈರೋದಲ್ಲಿ, ಅದರ ಕಂಡಕ್ಟರ್ (ಆರ್ಕೆಸ್ಟ್ರಾವನ್ನು ಮುಂದೆ ನಿಂತು ನಡೆಸುವವರು) ಜೊವಾನಿ ಬೊತ್ತೆಸೀನಿ ಅಂತ ಓದಿದೆ, ಯಾರಿವರು, ಇಟಲಿಯವರು ಈಜಿಪ್ಟಿಗೆ ಯಾಕೆ ಹೋದರು ಅಂತ ಕೇಳಿದ್ದೀರಿ. ಈ ಹೆಸರನ್ನು ಒಬ್ಬರು ಕನ್ನಡದಲ್ಲಿ ಕೇಳಿದ್ದು ನೋಡಿ ತುಂಬಾ ಖುಷಿಯಾಯಿತು. ನಾನು ಜರ್ಮನಿಯಲ್ಲಿ ಒಂದು ಹವ್ಯಾಸಿ ಆರ್ಕೆಸ್ಟ್ರಾದಲ್ಲಿ ಡಬಲ್ ಬೇಸ್ ನುಡಿಸುತ್ತೇನೆ, ಪಿಟೀಲಿನ ಹಾಗಿರುವ, ಆಳೆತ್ತರದ, ತಗ್ಗು ದನಿಯ ವಾದ್ಯ. ಈ ವಾದ್ಯ ಹಿಡಿದವರ ನಡುವೆ ಬೊತ್ತೆಸೀನಿ ಮನೆಮಾತು. ಆದರೆ ನಮ್ಮಲ್ಲೂ ಜಾಸ್ತಿ ಜನ ಅವರನ್ನು ಬರೀ ವಾದಕ ಅಂತಲೇ ತಿಳಿದಿದ್ದಾರೆ. ದೇಶದಿಂದ ದೇಶಕ್ಕೆ ಹೋಗಿ ಒಪೆರಾ ನಡೆಸಿದ್ದು, ಒಪೆರಾ ಬರೆದದ್ದು ಅವರ ಬದುಕಿನ ದೊಡ್ಡ ಪಾಲು. ಅದನ್ನು ಬಿಟ್ಟರೆ ಅವರ ಡಬಲ್ ಬೇಸ್ ಸಂಗೀತವೂ ಅರ್ಥವಾಗುವುದಿಲ್ಲ ಅನ್ನೋದು ನನ್ನ ನಂಬಿಕೆ.

ಹುಟ್ಟಿದ್ದು 1821ರಲ್ಲಿ, ಉತ್ತರ ಇಟಲಿಯ ಕ್ರೆಮಾ ಊರಲ್ಲಿ. ತಂದೆ ಕ್ಲಾರಿನೆಟ್ ವಾದಕರು. ಹುಡುಗ ಮೊದಲು ಕಲಿತದ್ದು ಪಿಟೀಲು. 1835ರಲ್ಲಿ ಮಿಲಾನ್ ಸಂಗೀತ ಶಾಲೆಗೆ ಸೇರಿಸಲು ಹೋದಾಗ ವಿದ್ಯಾರ್ಥಿವೇತನದ ಜಾಗ ಉಳಿದಿದ್ದು ಎರಡೇ: ಒಂದು ಬಸೂನ್ ಅನ್ನೋ ಊದುವ ವಾದ್ಯಕ್ಕೆ, ಇನ್ನೊಂದು ಡಬಲ್ ಬೇಸಿಗೆ. ಕೈಯಲ್ಲಿ ದುಡ್ಡಿರಲಿಲ್ಲ. ಹುಡುಗ ಕೆಲವೇ ವಾರಗಳಲ್ಲಿ ಡಬಲ್ ಬೇಸನ್ನು ಒಂದು ಮಟ್ಟಕ್ಕೆ ಕಲಿತು ಪರೀಕ್ಷೆಗೆ ನಿಂತ. ನಡುವೆ ಅಪಸ್ವರ ಬಂದಾಗ, ಬೆರಳು ಎಲ್ಲಿಡಬೇಕು ಅಂತ ಗೊತ್ತಾದ ಮೇಲೆ ಹೀಗಾಗುವುದಿಲ್ಲ ಅಂತ ಪರೀಕ್ಷಕರಿಗೇ ಹೇಳಿದನಂತೆ. ಕಥೆ ಬಾಯಿಂದ ಬಾಯಿಗೆ ಬಂದದ್ದು. ಜಾಗ ಸಿಕ್ಕಿದ್ದು ಮಾತ್ರ ನಿಜ. 1839ರಲ್ಲಿ ಶಾಲೆ ಬಿಡುವಾಗ 300 ಫ್ರಾಂಕ್ ಬಹುಮಾನ ಬಂತು. ಆ ಹಣವನ್ನೂ ಸೇರಿಸಿ ಟೆಸ್ಟೋರೆ ಮನೆತನದವರು ಮಾಡಿದ ಹಳೆಯ ವಾದ್ಯವೊಂದನ್ನು ಕೊಂಡರು. ಜೀವನಪೂರ್ತಿ ಅವರ ಸಂಗಾತಿ ಅದೇ.

ಇಲ್ಲಿ ವಾದ್ಯದ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಡಬಲ್ ಬೇಸಿನ ತಂತಿ ಸುಮಾರು 105 ಸೆಂಟಿಮೀಟರ್ ಉದ್ದ. ಕೆಳಸ್ವರಗಳ ಜಾಗದಲ್ಲಿ ಎಡಗೈಯ ತೋರುಬೆರಳಿಂದ ಕಿರುಬೆರಳಿನವರೆಗೆ ಕೈ ಪೂರ್ತಿ ಬಿಚ್ಚಿದರೂ ಸಿಗುವುದು ಒಂದೇ ಒಂದು ಪೂರ್ಣಸ್ವರದ ಅಂತರ. ಅಂದರೆ ಸರಳವಾದ ರಾಗ ನುಡಿಸಲೂ ಕೈ ಮೇಲೆ ಕೆಳಗೆ ಓಡುತ್ತಲೇ ಇರಬೇಕು. ಬೊತ್ತೆಸೀನಿ ಆಗಿನ ಇಟಲಿಯ ರೂಢಿಯಂತೆ ಮೂರೇ ತಂತಿಯ ವಾದ್ಯ ನುಡಿಸುತ್ತಿದ್ದರು. ಒಂಟಿಯಾಗಿ ನುಡಿಸುವಾಗ ಶ್ರುತಿ ಏರಿಸಿಕೊಂಡು, ಕೈಯನ್ನು ಬೆರಳಿಡುವ ಪಟ್ಟಿಯ ತುದಿಯವರೆಗೆ ಇಳಿಸಿ, ಹೆಬ್ಬೆರಳನ್ನೇ ತಂತಿಯ ಮೇಲೆ ಅಡ್ಡ ಒತ್ತಿ ಹಿಡಿಯುತ್ತಿದ್ದರು. ಜೊತೆಗೆ ತಂತಿಯನ್ನು ಒತ್ತದೆ ಸುಮ್ನೆ ಮುಟ್ಟಿದರೆ ಬರುವ ಹಾರ್ಮೋನಿಕ್ ಸ್ವರಗಳು. ಕೊಳಲಿನ ಹಾಗೆ ತೆಳ್ಳಗೆ ಕೇಳುತ್ತವೆ. ಒಂದು ಕೂದಲೆಳೆ ಆಚೀಚೆ ಆದರೂ ಸ್ವರ ಒಡೆದು ಬರೀ ಗೀರುವ ಸದ್ದು. ಈ ಜಾಗದಲ್ಲಿ ಅವರು ಸೊಪ್ರಾನೋ, ಅಂದರೆ ಎತ್ತರದ ದನಿಯ, ಗಾಯಕಿಯ ಇಡೀ ಹಾಡನ್ನೇ ನುಡಿಸುತ್ತಿದ್ದರು. ನನಗೆ ಅವರ ಒಂದು ಸಾಲು ಶುದ್ಧವಾಗಿ ಬಂದರೂ ಆ ದಿನವೆಲ್ಲ ಹಬ್ಬ.

ಸರಿ, ವಿದೇಶಕ್ಕೆ ಯಾಕೆ? ಆಗ ಇಟಾಲಿಯನ್ ಒಪೆರಾ ಜಗತ್ತಿಗೆಲ್ಲ ರಫ್ತಾಗುತ್ತಿದ್ದ ಮಾಲು. ನಮ್ಮ ಕಂಪನಿ ನಾಟಕಗಳ ಹಾಗೆ ಮಾಲೀಕನೊಬ್ಬ ಗಾಯಕರನ್ನು, ವಾದಕರನ್ನು, ಕಂಡಕ್ಟರನ್ನು ಒಂದು ಸೀಸನ್ನಿಗೆ ಗೊತ್ತು ಮಾಡಿಕೊಂಡು ಹಡಗು ಹತ್ತಿಸುತ್ತಿದ್ದ. ಬೊತ್ತೆಸೀನಿ 1846ರಲ್ಲಿ ಗೆಳೆಯ ಲುಯಿಜಿ ಅರ್ದೀತಿ ಜೊತೆ ಕ್ಯೂಬಾದ ಹವಾನಾಕ್ಕೆ ಹೋದರು. ಅರ್ದೀತಿಯೂ ಮುಂದೆ ಲಂಡನ್ನಿನಲ್ಲಿ ಹೆಸರಾದ ಕಂಡಕ್ಟರ್. ಬೊತ್ತೆಸೀನಿಯ ಮೊದಲ ಒಪೆರಾ, ಕೊಲಂಬಸ್ ಕಥೆಯದ್ದು, ಪ್ರದರ್ಶನವಾದದ್ದೂ ಹವಾನಾದಲ್ಲೇ. 1849ರಲ್ಲಿ ಲಂಡನ್ ಅವರ ವಾದನ ಕೇಳಿ ಬೆರಗಾಯಿತು. ಆಮೇಲೆ ಪ್ಯಾರಿಸ್ಸಿನ ಇಟಾಲಿಯನ್ ಒಪೆರಾದಲ್ಲಿ 1855ರಿಂದ ಎರಡು ವರ್ಷ ಕಂಡಕ್ಟರ್. ನಂತರ ಪಲೆರ್ಮೊ, ಬಾರ್ಸಿಲೋನಾ. 1871ರ ಮೊದಲಲ್ಲಿ ಲಂಡನ್ನಿನ ಲೈಸಿಯಮ್ ಥಿಯೇಟರಿನಲ್ಲಿ ಅವರದೇ ಅಲಿಬಾಬಾ ಒಪೆರಾ. ಎಲ್ಲೂ ಬೇರು ಬಿಡಲಿಲ್ಲ.

ಒಪೆರಾ ನಡೆಸುವಾಗ ಅಂಕಗಳ ನಡುವಿನ ಬಿಡುವಿನಲ್ಲಿ ಅವರು ಕೋಲು ಕೆಳಗಿಟ್ಟು ವೇದಿಕೆಗೆ ಹತ್ತುತ್ತಿದ್ದರು. ಅದೇ ಸಂಜೆಯ ಒಪೆರಾದ ಹಾಡುಗಳನ್ನೇ ಇಟ್ಟುಕೊಂಡು ಡಬಲ್ ಬೇಸ್ ನುಡಿಸುತ್ತಿದ್ದರು. ನನಗೆ ಅವರ ಬದುಕಿನಲ್ಲಿ ತುಂಬಾ ಇಷ್ಟವಾದ ವಿಷಯ ಇದು. ಈಗಷ್ಟೇ ಗಾಯಕಿ ಎಲ್ಲಿ ಉಸಿರು ತೆಗೆದಳು, ಎಲ್ಲಿ ಎಳೆದಳು ಅಂತ ಕೆಳಗೆ ನಿಂತು ಗಮನಿಸಿ, ಅವಳ ಹಿಂದೆ ಆರ್ಕೆಸ್ಟ್ರಾವನ್ನು ನಡೆಸಿದ ಮನುಷ್ಯ ಆ ಹಾಡನ್ನು ತಂತಿಯ ಮೇಲೆ ಹಾಡುತ್ತಾನೆ. ಬೊತ್ತೆಸೀನಿಯನ್ನು ಡಬಲ್ ಬೇಸಿನ ಪಗನೀನಿ (ಚುರುಕು ಬೆರಳಿಗೆ ಹೆಸರಾದ ಪಿಟೀಲು ವಾದಕ) ಅಂತ ಹೊಗಳುವವರು ಬೆರಳಿನ ವೇಗವನ್ನಷ್ಟೇ ನೋಡುತ್ತಾರೆ. ಆ ಸಂಗೀತ ಬಂದಿದ್ದು ಗಾಯಕರ ಗಂಟಲಿಂದ.

ಇನ್ನು ಕೈರೋ. ಅಲ್ಲಿಗೂ ಬೊತ್ತೆಸೀನಿ ಹೋದದ್ದು ಒಪೆರಾ ಕಂಡಕ್ಟರಾಗಿಯೇ. ಈಜಿಪ್ಟಿನ ದೊರೆ ಖೆದಿವ್ ಇಸ್ಮಾಯಿಲ್ ಕಟ್ಟಿಸಿದ ಒಪೆರಾ ಹೌಸ್ 1869ರ ನವೆಂಬರ್ 1ರಂದು ವೆರ್ಡಿಯ ರಿಗೊಲೆಟ್ಟೊದಿಂದ ಶುರುವಾಯಿತು. ಸೂಯೆಜ್ ಕಾಲುವೆ ತೆರೆದ ಸಂಭ್ರಮಕ್ಕೆ ಐಡಾ ಆಡಿದರು ಅಂತ ಎಷ್ಟೋ ಕಡೆ ಬರೆದಿರುತ್ತಾರೆ, ಅದು ತಪ್ಪು. ಐಡಾ ಬಂದಿದ್ದು ಎರಡು ವರ್ಷ ಆದ ಮೇಲೆ. ಅದೂ 1871ರ ಜನವರಿಗೆ ಆಗಬೇಕಿತ್ತು. ಆದರೆ ಸೀನು, ವೇಷಭೂಷಣ ಎಲ್ಲ ತಯಾರಾಗುತ್ತಿದ್ದದ್ದು ಪ್ಯಾರಿಸ್ಸಿನಲ್ಲಿ. ಪ್ರಷ್ಯಾದ ಸೈನ್ಯ ನಗರವನ್ನು ಮುತ್ತಿತು, ಸಾಮಾನು ಒಳಗೇ ಸಿಕ್ಕಿಹಾಕಿಕೊಂಡಿತು. ಕೊನೆಗೆ ಪರದೆ ಎದ್ದಿದ್ದು 1871ರ ಡಿಸೆಂಬರ್ 24ರಂದು.

ವೆರ್ಡಿ ಕೈರೋಗೆ ಹೋಗಲೇ ಇಲ್ಲ. ಇಟಲಿಯಲ್ಲಿ ಕೂತು ಬೊತ್ತೆಸೀನಿಗೆ ಪತ್ರ ಬರೆಯುತ್ತಿದ್ದರು. ತಾಲೀಮಿನ ಹೊತ್ತಿಗೆ ವೆರ್ಡಿಯನ್ನು ಕಾಡುತ್ತಿದ್ದದ್ದು ಕೊನೆಯ ಯುಗಳಗೀತೆ. ಗೋರಿಯೊಳಗೆ ಮುಚ್ಚಿಹೋದ ಇಬ್ಬರು ಪ್ರೇಮಿಗಳು ಹಾಡುತ್ತಾರೆ, ಪಿಟೀಲುಗಳು ಮೇಲುಸ್ವರದಲ್ಲಿ ತೀರಾ ಮೆಲ್ಲಗೆ ನುಡಿಯುತ್ತವೆ. ಕಾಗದದ ಮೇಲೆ ಬರೆದದ್ದು ಆರ್ಕೆಸ್ಟ್ರಾದಲ್ಲಿ ಹೇಗೆ ಕೇಳುತ್ತದೆ ಅಂತ ತಿಳಿಸಿ ಎಂದು ಕೇಳಿದ್ದರು. ಯೋಚಿಸಿ: ಬರೆದವರೇ ಇನ್ನೂ ಕೇಳಿರದ ಸಂಗೀತವನ್ನು ಮೊದಲು ನುಡಿಸಿ ಕೇಳಿದ ಕಿವಿ ಬೊತ್ತೆಸೀನಿಯದ್ದು. ಆದರೂ ಹೆಸರು ಉಳಿಯಲಿಲ್ಲ. ಆರೇಳು ವಾರದಲ್ಲಿ, 1872ರ ಫೆಬ್ರವರಿ 8ರಂದು, ಮಿಲಾನಿನ ಲಾ ಸ್ಕಾಲಾದಲ್ಲಿ ವೆರ್ಡಿ ತಾವೇ ಮುಂದೆ ನಿಂತು ಐಡಾ ಆಡಿಸಿದರು. ಅಲ್ಲಿನ ಕಂಡಕ್ಟರ್ ಫ್ರಾಂಕೊ ಫಾಚ್ಚೊ. ಯುರೋಪು ಮಾತಾಡಿಕೊಂಡಿದ್ದು ಆ ಪ್ರದರ್ಶನದ ಬಗ್ಗೆ. ಬೊತ್ತೆಸೀನಿ ಮಾತ್ರ 1877ರವರೆಗೂ ಕೈರೋದ ಕೆಲಸ ಬಿಡಲಿಲ್ಲ.

ಅವರ ಒಪೆರಾಗಳಲ್ಲಿ ಗೆದ್ದದ್ದು ಎರೊ ಎ ಲೆಯಾಂದ್ರೊ. ಸಾಹಿತ್ಯ ಇಟಲಿಯ ಕವಿ ಬೊಯಿಟೊ ಅವರದು, ಮೊದಲ ಪ್ರದರ್ಶನ 1879ರಲ್ಲಿ ಟ್ಯೂರಿನ್‌ನಲ್ಲಿ. ಒಂದು ರೆಕ್ವಿಯಮ್ (ಸತ್ತವರಿಗಾಗಿ ಹಾಡುವ ಪ್ರಾರ್ಥನೆ) ಇದೆ, 1887ರಲ್ಲಿ ಇಂಗ್ಲೆಂಡಿನ ನಾರ್ವಿಚ್ ಉತ್ಸವಕ್ಕೆ ಬರೆದ ಒರಟೋರಿಯೊ (ಅಭಿನಯವಿಲ್ಲದೆ ಹಾಡುವ ಧಾರ್ಮಿಕ ಕಥೆ) ಇದೆ. ರೆಕ್ವಿಯಮ್ ಅನ್ನು ದೊಡ್ಡ ಆರ್ಕೆಸ್ಟ್ರಾಗಳು ಇನ್ನೂ ಜಾಸ್ತಿ ಎತ್ತಿಕೊಳ್ಳಬೇಕು ಅನ್ನೋದು ನನ್ನ ಮನಸ್ಸಿನ ಮಾತು. 1889ರಲ್ಲಿ ವೆರ್ಡಿಯ ಶಿಫಾರಸಿನಿಂದ ಪಾರ್ಮಾ ಸಂಗೀತ ಶಾಲೆಯ ನಿರ್ದೇಶಕರಾದರು. ಅಷ್ಟು ವರ್ಷ ಅಲೆದ ಮೇಲೆ ಸಿಕ್ಕ ನೆಲೆ. ಅದೇ ವರ್ಷ ಜುಲೈ 7ರಂದು ತೀರಿಕೊಂಡರು.

ಕೇಳಲು ಶುರು ಮಾಡುವುದಾದರೆ ಡಿ ಮೇಜರಿನ ಎಲಿಜಿ (ಶೋಕಗೀತೆ) ಹಾಕಿ. ಚಿಕ್ಕದು, ಪಿಯಾನೋ ಜೊತೆಗೆ. ಅದು ಹಿಡಿಸಿದರೆ ಬೆಲ್ಲೀನಿಯ ಸೊನ್ನಾಂಬುಲಾ ಒಪೆರಾದ ಮೇಲೆ ಬರೆದ ಫ್ಯಾಂಟಸಿ. ಮೊದಲು ಆ ಒಪೆರಾದ ಹಾಡನ್ನು ಯಾರಾದರೂ ಒಳ್ಳೆಯ ಗಾಯಕಿಯ ದನಿಯಲ್ಲಿ ಕೇಳಿ, ಆಮೇಲೆ ಇದನ್ನು ಕೇಳಿ. ಮೂರನೆಯದಾಗಿ ಅವರ ಬಿ ಮೈನರಿನ ಎರಡನೇ ಕಾನ್ಸರ್ಟೊ, ಆರ್ಕೆಸ್ಟ್ರಾ ಜೊತೆ ಒಂದು ವಾದ್ಯ ಮುಂದೆ ನಿಂತು ನುಡಿಸುವ ಕೃತಿ. ಹೆಡ್‌ಫೋನ್ ಇರಲಿ, ಫೋನಿನ ಸ್ಪೀಕರಿನಲ್ಲಿ ಡಬಲ್ ಬೇಸಿನ ಕೆಳಸ್ವರ ಕೇಳಿಸುವುದೇ ಇಲ್ಲ.